ಅಂಗೈಯಗಲದಲ್ಲಿ ಅಂಗಡಿ: ಮೊಬೈಲ್ ಗ್ರಾಹಕರಿಗೆ ಒಪ್ಪುವ ಜಾಲತಾಣ ಮಾಡುವ ಬಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಇರಲಿ, ಬೀದರಿನ ಚೌಬಾರಾ ಇರಲಿ, ಯಾದಗಿರಿಯ ಸುಭಾಷ್ ವೃತ್ತ ಇರಲಿ, ಜಾಲತಾಣ ಮಾಡಿಸಿದ ವ್ಯಾಪಾರಿಗೆ ಅದರ ಮೊದಲ ದರ್ಶನವಾಗುವುದು ವಿನ್ಯಾಸಕಾರನ ಕಚೇರಿಯಲ್ಲಿ, ಫ್ಯಾನಿನ ಕೆಳಗೆ, ದೊಡ್ಡ ಪರದೆಯ ಮೇಲೆ. ಗ್ರಾಹಕರು ನೋಡುವ ಸನ್ನಿವೇಶವೇ ಬೇರೆ. ಬಸ್ ನಿಲ್ದಾಣದಲ್ಲಿ ನಿಂತಿರುತ್ತಾರೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಗೀರು ಬಿದ್ದ ಗಾಜಿನ ಹಳೆಯ ಆಂಡ್ರಾಯ್ಡ್ ಫೋನು. ಚಾರ್ಜು ಉಳಿಯಲೆಂದು ಪರದೆಯ ಬೆಳಕನ್ನೂ ತಗ್ಗಿಸಿರುತ್ತಾರೆ. ಸಾಮಾನು ಇದೆಯೇ, ಬೆಲೆ ಎಷ್ಟು, ಯಾರಿಗೆ ಫೋನ್ ಮಾಡಬೇಕು ಎಂಬ ಮೂರು ಸಂಗತಿ ಗೊತ್ತಾದರೆ ಅವರಿಗೆ ಸಾಕು. ಈ ಮೂರಕ್ಕೆ ಅಡ್ಡ ಬರುವುದನ್ನೆಲ್ಲ ತೆಗೆದುಹಾಕುವುದೇ ಮೊಬೈಲ್ ವಿನ್ಯಾಸದ ಮುಕ್ಕಾಲು ಪಾಲು ಕೆಲಸ. ತಾಣವನ್ನು ನೀವೇ ಕಟ್ಟುತ್ತಿದ್ದರೂ ಸರಿ, ಬೇರೆಯವರಿಂದ ಕಟ್ಟಿಸುತ್ತಿದ್ದರೂ ಸರಿ, ಕ್ರಮ ಒಂದೇ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಫೋನನ್ನು ಬಿಳಿ ಹಾಳೆಯ ಮೇಲಿಟ್ಟು ಅದರ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಆ ಚೌಕಟ್ಟಿನೊಳಗೆ ಹಿಡಿಸುವಷ್ಟೇ ನಿಮ್ಮ ಮೊದಲ ಪರದೆ. ಬೆರಳಿನಿಂದ ಮೇಲೆ ಸರಿಸುವ ಮೊದಲೇ ಕಾಣುವ ಭಾಗ ಅದು. ಅಲ್ಲಿ ಏನಿರಬೇಕೆಂದು ಕೈಯಿಂದ ಬರೆಯಿರಿ.

ಕಲಬುರಗಿಯಲ್ಲಿ ರೊಟ್ಟಿ ಮಾಡಿ ಮಾರುವ ಒಂದು ಮನೆಯನ್ನೇ ತೆಗೆದುಕೊಳ್ಳೋಣ. ಅವರ ಮೊದಲ ಪರದೆ ಹೀಗಿದ್ದರೆ ಸಾಕು:

«ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ನಗರದೊಳಗೆ ಮನೆಗೇ ತಲುಪಿಸುತ್ತೇವೆ. ಬೆಂಗಳೂರು, ಪುಣೆ, ಹೈದರಾಬಾದಿಗೆ ಪಾರ್ಸೆಲ್ ಕಳುಹಿಸುತ್ತೇವೆ. ಬೆಳಿಗ್ಗೆ 9ರಿಂದ ರಾತ್ರಿ 8, ಸೋಮವಾರ ರಜೆ.»

ಅದರ ಕೆಳಗೆ ಎರಡು ಗುಂಡಿ: «ಕರೆ ಮಾಡಿ», «ವಾಟ್ಸ್ಆ್ಯಪ್ ಮಾಡಿ». ಅಷ್ಟೇ. «ನಮ್ಮ ಜಾಲತಾಣಕ್ಕೆ ಹಾರ್ದಿಕ ಸುಸ್ವಾಗತ» ಎಂಬ ಸಾಲು ಬೇಡ. ಅದು ನುಂಗುವ ಜಾಗದಲ್ಲಿ ಬೆಲೆ ಬರೆಯಬಹುದು. ತಾನಾಗಿ ಸರಿದಾಡುವ ಚಿತ್ರಮಾಲೆಯೂ ಬೇಡ. ಅದನ್ನು ಇಷ್ಟಪಡುವವರು ಇಬ್ಬರೇ: ಮಾಡಿದವನು ಮತ್ತು ಮಾಡಿಸಿದವನು.

ಯಾದಗಿರಿಯಲ್ಲೋ ಶಹಾಪುರದಲ್ಲೋ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರಿಗೆ ಇಷ್ಟೂ ಬೇಕಾಗಿಲ್ಲ. ಎಷ್ಟು ಎಚ್‌ಪಿವರೆಗಿನ ಮೋಟಾರ್ ಹಿಡಿಯುತ್ತೀರಿ, ಎಷ್ಟು ದಿನಕ್ಕೆ ಕೊಡುತ್ತೀರಿ, ಭಾನುವಾರ ತೆರೆದಿರುತ್ತದೆಯೇ, ಒಂದು ಫೋನ್ ಸಂಖ್ಯೆ. ಒಂದೇ ಪುಟದ ತಾಣ ಸಾಕು. ಹೊಲದಲ್ಲಿ ಮೋಟಾರ್ ಸುಟ್ಟು ನಿಂತ ರೈತರಿಗೆ ನಿಮ್ಮ ಧ್ಯೇಯವಾಕ್ಯ ಓದುವ ಪುರಸತ್ತು ಇರುವುದಿಲ್ಲ.

ಅಡಿಪಾಯದ ಮೂರು ಮಾತು

ಪರದೆಯ ಅಗಲಕ್ಕೆ ತಕ್ಕಂತೆ ಪುಟ ತಾನೇ ಹೊಂದಿಕೊಳ್ಳುವ ವಿಧಾನಕ್ಕೆ ರೆಸ್ಪಾನ್ಸಿವ್ ವಿನ್ಯಾಸ ಎನ್ನುತ್ತಾರೆ. ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕಾರರು 2010ರಲ್ಲಿ ಕೊಟ್ಟ ಹೆಸರು ಅದು. ಇಂದಿನ ಸಿದ್ಧ ಟೆಂಪ್ಲೇಟುಗಳೆಲ್ಲ ಹಾಗೆಯೇ ಇರುತ್ತವೆ. ಪುಟವನ್ನು ಕೈಯಿಂದ ಬರೆಯುವವರು ಮಾತ್ರ ತಲೆಭಾಗದಲ್ಲಿ ವ್ಯೂಪೋರ್ಟ್ ಎಂಬ ಮೆಟಾ ಸಾಲು ಇದೆಯೇ ಎಂದು ನೋಡಿಕೊಳ್ಳಬೇಕು. ಅದಿಲ್ಲದಿದ್ದರೆ ಫೋನು ದೊಡ್ಡ ಪರದೆಯ ಪುಟವನ್ನೇ ಕುಗ್ಗಿಸಿ ಇರುವೆ ಸಾಲಿನಂಥ ಅಕ್ಷರಗಳನ್ನು ತೋರಿಸುತ್ತದೆ. ಅದೇ ಸಾಲಿನಲ್ಲಿ ಬೆರಳಿನಿಂದ ಹಿಗ್ಗಿಸುವುದನ್ನು ತಡೆಯುವ ಸೂಚನೆಯನ್ನು ಕೆಲವರು ಸೇರಿಸಿಬಿಡುತ್ತಾರೆ. ದಯವಿಟ್ಟು ಅದನ್ನು ತೆಗೆಯಿಸಿ. ಚಾಳೀಸು ಬಂದವರಿಗೆ ಅದು ಶುದ್ಧ ಅನ್ಯಾಯ.

ವಿನ್ಯಾಸವನ್ನು 360 ಪಿಕ್ಸೆಲ್ ಅಗಲಕ್ಕೆ ಮಾಡಿ, ಆಮೇಲೆ ದೊಡ್ಡ ಪರದೆಗೆ ಹಿಗ್ಗಿಸಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳ ಬ್ರೌಸರ್ ಅಗಲ ಅಷ್ಟೇ. ಒಂದೇ ಕಾಲಂ ಇರಲಿ. ಪಕ್ಕಕ್ಕೆ ಸರಿಸಿ ಓದಬೇಕಾದ ಕೋಷ್ಟಕ ಬೇಡ. ಬೆಲೆಪಟ್ಟಿಯನ್ನು ಸಾಲು ಸಾಲಾಗಿ ಬರೆಯಿರಿ: ಎಡಕ್ಕೆ ವಸ್ತು ಮತ್ತು ತೂಕ, ಬಲಕ್ಕೆ ಬೆಲೆ.

ಪ್ರೆಸ್ಸಿನಲ್ಲಿ ಅಚ್ಚಾದ ಕರಪತ್ರದ ಚಿತ್ರವನ್ನೇ ಜಾಲತಾಣವೆಂದು ಏರಿಸಬೇಡಿ. ನಮ್ಮ ಕಡೆ ಇದು ಬಹಳ. ಚಿತ್ರದೊಳಗಿನ ಅಕ್ಷರ ಚಿಕ್ಕ ಪರದೆಯಲ್ಲಿ ಕಾಣುವುದಿಲ್ಲ, ಅದರಲ್ಲಿರುವ ಫೋನ್ ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುವುದಿಲ್ಲ, ಹುಡುಕಾಟದಲ್ಲೂ ಸರಿಯಾಗಿ ಸಿಗುವುದಿಲ್ಲ.

ಕನ್ನಡ ಅಕ್ಷರಕ್ಕೆ ಜಾಗ ಕೊಡಿ

ಸಿದ್ಧ ಟೆಂಪ್ಲೇಟುಗಳನ್ನು ಮಾಡಿದವರು ಇಂಗ್ಲಿಷ್ ಅಕ್ಷರಗಳನ್ನು ಕಣ್ಣಮುಂದೆ ಇಟ್ಟುಕೊಂಡಿರುತ್ತಾರೆ. ಅವರಿಗೆ ಒತ್ತಕ್ಷರದ ಕಲ್ಪನೆಯೇ ಇರುವುದಿಲ್ಲ. ಸಾಲಿನ ಎತ್ತರ ಅಕ್ಷರದ 1.2 ಪಟ್ಟು ಎಂದು ಅವರು ಇಟ್ಟಿದ್ದರೆ, ನಮ್ಮ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕೆಲವೊಮ್ಮೆ ಗುಂಡಿಯೊಳಗಿನ ಒತ್ತು ಅರ್ಧಕ್ಕೆ ಕತ್ತರಿಸಿಯೂ ಹೋಗುತ್ತದೆ. ಕನ್ನಡಕ್ಕೆ 1.6ರಿಂದ 1.7 ಪಟ್ಟು ಕೊಡಿ. ಸರಿಯಾಗಿದೆಯೇ ಎಂದು ತಿಳಿಯಲು «ಲಕ್ಷ್ಮೀ», «ವಸ್ತ್ರ», «ರಾಷ್ಟ್ರೀಯ» ಎಂಬ ಪದಗಳನ್ನು ಶೀರ್ಷಿಕೆಯಲ್ಲೂ ಗುಂಡಿಯಲ್ಲೂ ಬರೆದು ನೋಡಿ. ಎರಡು ಒತ್ತುಗಳಿರುವ ಈ ಪದಗಳು ಉಸಿರಾಡಿದರೆ ಉಳಿದವೂ ಉಸಿರಾಡುತ್ತವೆ.

ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಕನ್ನಡಕ್ಕೆ 17–18 ಇನ್ನೂ ವಾಸಿ. ಎರಡೂ ಅಂಚು ಸಮ ಬರುವಂತೆ ಜೋಡಿಸುವುದು ಪುಸ್ತಕದಲ್ಲಿ ಚೆಂದ. ಫೋನಿನ ಕಿರಿದಾದ ಸಾಲಿನಲ್ಲಿ ನಮ್ಮ ಉದ್ದ ಪದಗಳ ನಡುವೆ ದೊಡ್ಡ ದೊಡ್ಡ ಕಂಡಿ ಬೀಳುತ್ತದೆ, ಆದ್ದರಿಂದ ಎಡಕ್ಕೆ ಮಾತ್ರ ಹೊಂದಿಸಿ. ಅಕ್ಷರ ವಾಲಿಸುವುದು, ಅಕ್ಷರಗಳ ನಡುವೆ ಅಂತರ ಹಿಗ್ಗಿಸುವುದು, ಇವೆರಡನ್ನೂ ಟೆಂಪ್ಲೇಟಿನಲ್ಲಿ ಹುಡುಕಿ ಆರಿಸಿಬಿಡಿ. ದಪ್ಪ ಅಕ್ಷರ ಬೇಕಿದ್ದರೆ ನಿಜವಾಗಿ ದಪ್ಪ ರೂಪವಿರುವ ಫಾಂಟನ್ನೇ ಬಳಸಿ. ಇಲ್ಲದಿದ್ದರೆ ಬ್ರೌಸರ್ ತಾನೇ ಮಸಿ ಬಳಿದಂತೆ ದಪ್ಪ ಮಾಡಿ ಒತ್ತುಗಳ ಹೊಟ್ಟೆ ತುಂಬಿಸಿಬಿಡುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಮೊದಲೇ ಇರುತ್ತದೆ. ಓದುವ ಭಾಗಕ್ಕೆ ಅದೇ ಸಾಕು. ಬೇರೆ ಫಾಂಟ್ ಇಳಿಸಿಕೊಳ್ಳುವ ಹೊರೆಯನ್ನು ಗ್ರಾಹಕರ ಮೇಲೆ ಹಾಕಬೇಡಿ. ಅಂಗಡಿಯ ಹೆಸರಿಗೆ ಮಾತ್ರ «ಬಾಲೂ ತಮ್ಮ» ಎಂಬ ಹೆಸರಿನಂಥ ದುಂಡು ಫಾಂಟ್ ಬಳಸಿದರೆ ಫಲಕಕ್ಕೆ ಒಂದು ಕಳೆ ಬರುತ್ತದೆ.

ಹಳೆಯ «ನುಡಿ» ತಂತ್ರಾಂಶದ ಕಡತಗಳ ವಿಷಯದಲ್ಲಿ ಎಚ್ಚರವಿರಲಿ. ಪ್ರೆಸ್ಸಿನವರು ಕೊಟ್ಟ ಬರಹ ಎಲ್ಲ ಫೋನುಗಳೂ ಅರಿಯುವ ಯೂನಿಕೋಡ್ ಸಂಕೇತದಲ್ಲಿ ಇಲ್ಲದಿದ್ದರೆ ಗ್ರಾಹಕರ ಫೋನಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಿಟ್ಟು ನೋಡಿ, ತಪ್ಪುವುದು ಅಲ್ಲೇ. ಪುಟದ ಭಾಷೆ ಕನ್ನಡ ಎಂಬ ಗುರುತನ್ನು ಕೋಡಿನಲ್ಲಿ ಸೇರಿಸಿದರೆ, ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸಿದ ದೃಷ್ಟಿದೋಷವುಳ್ಳವರಿಗೆ ಕನ್ನಡದ ದನಿಯಲ್ಲೇ ಕೇಳಿಸುತ್ತದೆ.

ಇನ್ನು ಬಹುಭಾಷೆಯ ಪ್ರಶ್ನೆ. ಬೀದರಿನಲ್ಲಿ ಮರಾಠಿ, ಉರ್ದು, ತೆಲುಗು ಗ್ರಾಹಕರು ಒಂದೇ ದಿನ ಬರುತ್ತಾರೆ. ಕಲಬುರಗಿಯಲ್ಲಿ ದರ್ಗಾ ಸುತ್ತಲಿನ ಅಂಗಡಿಗೆ ಉರ್ದು ಇಲ್ಲದೆ ನಡೆಯುವುದಿಲ್ಲ. ಯಂತ್ರಾನುವಾದದ ಗುಂಡಿಯೊಂದನ್ನು ಸಿಕ್ಕಿಸಿ ಕೈ ತೊಳೆದುಕೊಳ್ಳುವ ಬದಲು, ಮೊದಲ ಪರದೆಯ ನಾಲ್ಕು ಸಾಲುಗಳನ್ನು ಭಾಷೆ ಬಲ್ಲ ನೆರೆಯವರಿಂದ ಬರೆಸಿ ಹಾಕಿ. ಆಯ್ಕೆಯ ಗುಂಡಿಯಲ್ಲಿ ಆಯಾ ಭಾಷೆಯ ಹೆಸರು ಆಯಾ ಲಿಪಿಯಲ್ಲೇ ಇರಲಿ. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಆ ಪುಟದ ದಿಕ್ಕನ್ನು ಕೋಡಿನಲ್ಲೇ ಬದಲಿಸಬೇಕು, ನಸ್ತಾಲೀಕ್ ಎಂಬ ಇಳಿಜಾರು ಶೈಲಿಯ ಬರಹವಾದರೆ ಸಾಲಿನ ಎತ್ತರ ಕನ್ನಡಕ್ಕಿಂತಲೂ ಹೆಚ್ಚು ಬೇಕು.

ಬಿಸಿಲು ಮತ್ತು ಬೆರಳು

ನಮ್ಮಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬೆಳಕಿನಲ್ಲಿ ಬಿಳಿಯ ಮೇಲಿನ ತಿಳಿ ಬೂದು ಅಕ್ಷರ ಮಾಯವಾಗುತ್ತದೆ. ಜಾಲತಾಣಗಳ ಅಂತಾರಾಷ್ಟ್ರೀಯ ಸುಗಮ್ಯತಾ ಮಾನದಂಡ ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಬೆಳಕಿನ ಅಂತರ ಕೇಳುತ್ತದೆ. ಅದನ್ನು ಅಳೆಯುವ ಉಚಿತ ತಾಣಗಳಿವೆ; ಬಣ್ಣದ ಸಂಕೇತ ಹಾಕಿದರೆ ಅಂಕಿ ಕೊಡುತ್ತವೆ. ಒಂದು ಸಂಗತಿ ಗಮನಿಸಿ: ವಾಟ್ಸ್ಆ್ಯಪ್‌ನ ತಿಳಿ ಹಸಿರಿನ ಮೇಲೆ ಬಿಳಿ ಅಕ್ಷರ ಬರೆದರೆ ಅಂತರ 2:1ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಲ್ಲರೂ ಬಳಸುವ ಗುಂಡಿಯೇ ಬಿಸಿಲಿನಲ್ಲಿ ಕಾಣದಂತಾಗುತ್ತದೆ. ಕಡು ಹಸಿರು ಬಳಸಿ.

ಗುಂಡಿಯ ಗಾತ್ರದ ಬಗ್ಗೆ ತಕರಾರೇ ಬೇಡ. ಗೂಗಲ್ ಹೇಳುವುದು ಸುಮಾರು 48 ಪಿಕ್ಸೆಲ್, ಆ್ಯಪಲ್ ಹೇಳುವುದು 44; 48ನ್ನೇ ಹಿಡಿಯಿರಿ, ಎರಡು ಗುಂಡಿಗಳ ನಡುವೆ 8 ಪಿಕ್ಸೆಲ್ ಜಾಗ ಬಿಡಿ. ಹೆಬ್ಬೆರಳು ಸುಲಭವಾಗಿ ಎಟುಕುವುದು ಪರದೆಯ ಕೆಳಭಾಗಕ್ಕೆ. ಆದ್ದರಿಂದ ಕರೆ ಮತ್ತು ವಾಟ್ಸ್ಆ್ಯಪ್ ಗುಂಡಿಗಳ ಪಟ್ಟಿಯೊಂದು ಕೆಳಗೆ ಅಂಟಿಕೊಂಡೇ ಇರಲಿ, ಆದರೆ ಪುಟದ ಕೊನೆಯ ಸಾಲನ್ನು ಅದು ಮುಚ್ಚದಂತೆ ಅಡಿಯಲ್ಲಿ ಖಾಲಿ ಜಾಗ ಬಿಡಿ. ಮೌಸ್ ಮೇಲೆ ಹೋದಾಗ ತೆರೆಯುವ ಪಟ್ಟಿಗಳು ಫೋನಿನಲ್ಲಿ ಕೆಲಸ ಮಾಡುವುದಿಲ್ಲ. ಪುಟ ತೆರೆದೊಡನೆ ಎದುರಿಗೆ ಹಾರುವ ಪಾಪ್‌ಅಪ್ ಬೇಡವೇ ಬೇಡ; ಅಂಥ ಪುಟಗಳನ್ನು 2017ರಿಂದ ಗೂಗಲ್ ಕೂಡ ಹುಡುಕಾಟದಲ್ಲಿ ಕೆಳಗೆ ತಳ್ಳುತ್ತಿದೆ.

ಫೋಟೊ: ಬಿದರಿಯ ಕಪ್ಪು ಬೂದಿಯಾಗದಿರಲಿ

ಬೀದರಿನ ಬಿದರಿ ಕುಶಲಕರ್ಮಿಗಳು ಹಾಕುವ ಫೋಟೊಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ದ್ರಾವಣದಲ್ಲಿ ಕಪ್ಪಾಗಿಸಿದ ಹೂಜಿ ಅದು. ಅಷ್ಟು ಶ್ರಮದ ವಸ್ತು ತಾಣದಲ್ಲಿ ಮಾಸಿದ ಅಲ್ಯೂಮಿನಿಯಂ ಪಾತ್ರೆಯಂತೆ ಕಾಣುತ್ತದೆ. ಕಾರಣ ಸರಳ. ಕಪ್ಪು ವಸ್ತು ಎದುರಿಗಿದ್ದರೆ ಫೋನಿನ ಕ್ಯಾಮೆರಾ ಬೆಳಕು ಸಾಲದೆಂದು ತಿಳಿದು ತಾನಾಗಿ ಬೆಳಕು ಏರಿಸುತ್ತದೆ. ಕಪ್ಪು ಬೂದಿಯಾಗುತ್ತದೆ, ಬೆಳ್ಳಿಯ ಗೆರೆಗಳು ಬಿಳಿಯಾಗಿ ಕರಗಿಹೋಗುತ್ತವೆ.

ಹೀಗೆ ಮಾಡಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ, ಬೆಳಗಿನ ಹೊತ್ತು, ಮಾಸಲು ಬಿಳಿ ಬಟ್ಟೆಯ ಮೇಲೆ ವಸ್ತುವನ್ನಿಡಿ. ಫ್ಲ್ಯಾಷ್ ಆರಿಸಿ. ಪರದೆಯಲ್ಲಿ ವಸ್ತುವಿನ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬೆಳಕಿನ ಗುರುತು ಬಂದಾಗ ಅದನ್ನು ತಗ್ಗಿಸುತ್ತ ಬನ್ನಿ. ಕಪ್ಪು ನಿಜವಾದ ಕಪ್ಪಾಗಿ, ಬೆಳ್ಳಿಯ ಎಲೆಬಳ್ಳಿಯ ಅಂಚು ಚೂಪಾಗಿ ಕಂಡ ಕ್ಷಣದಲ್ಲಿ ನಿಲ್ಲಿಸಿ, ಕ್ಲಿಕ್ಕಿಸಿ. ಪ್ರತಿ ವಸ್ತುವಿಗೆ ಮೂರು ಚಿತ್ರ ಸಾಕು: ಇಡೀ ವಸ್ತು, ಕೆತ್ತನೆಯ ಹತ್ತಿರದ ನೋಟ, ಗಾತ್ರ ತಿಳಿಯಲು ಕೈಯಲ್ಲಿ ಹಿಡಿದ ಒಂದು. ಮೂರನೆಯದನ್ನು ಬಿಟ್ಟರೆ, ಆರು ಇಂಚಿನ ಹೂದಾನಿಯನ್ನು ಎರಡಡಿಯದೆಂದು ಎಣಿಸಿ ತರಿಸಿಕೊಂಡವರ ಜೊತೆ ಜಗಳ ಕಾಯಬೇಕಾಗುತ್ತದೆ.

ಫೋನಿನಿಂದ ತೆಗೆದ ಚಿತ್ರ ಮೂರು ನಾಲ್ಕು ಎಂಬಿ ಇರುತ್ತದೆ. ಅಂಥ ಇಪ್ಪತ್ತು ಚಿತ್ರಗಳಿದ್ದರೆ ಪುಟದ ತೂಕ 60–80 ಎಂಬಿ. ಹಳ್ಳಿಯ ಸಿಗ್ನಲ್ಲಿನಲ್ಲಿ ಅದು ತೆರೆಯುವ ಹೊತ್ತಿಗೆ ಗ್ರಾಹಕರು ಬೇರೆ ಅಂಗಡಿಗೆ ಹೋಗಿರುತ್ತಾರೆ. ಅಗಲವನ್ನು 1000 ಪಿಕ್ಸೆಲ್ಲಿಗೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ. ಬ್ರೌಸರಿನಲ್ಲೇ ನಡೆಯುವ ಸ್ಕ್ವೂಶ್ ಎಂಬ ಉಚಿತ ಸಾಧನ ಇದಕ್ಕೆ ಸಾಕು. ಒಂದೊಂದು ಚಿತ್ರ 100–150 ಕೆಬಿಗೆ ಇಳಿಯುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಕೆಳಗಿನ ಚಿತ್ರಗಳು ಗ್ರಾಹಕರು ಅಲ್ಲಿಗೆ ಬಂದಾಗ ಮಾತ್ರ ಇಳಿಯುವಂತೆ ಲೇಜಿ ಲೋಡಿಂಗ್ ಹಾಕಿಸಿ. ಮೊದಲ ಪರದೆಯ ಚಿತ್ರಕ್ಕೆ ಮಾತ್ರ ಅದನ್ನು ಹಾಕಬೇಡಿ. ಪ್ರತಿ ಚಿತ್ರದ ಅಗಲ–ಎತ್ತರವನ್ನು ಕೋಡಿನಲ್ಲಿ ಮೊದಲೇ ಬರೆದಿಟ್ಟರೆ ಚಿತ್ರ ಬಂದಾಗ ಅಕ್ಷರಗಳು ಕೆಳಗೆ ಜಿಗಿಯುವುದಿಲ್ಲ. ಕರೆ ಗುಂಡಿ ಒತ್ತಲು ಹೋಗಿ ಬೇರೇನನ್ನೋ ಒತ್ತಿದ ಸಿಟ್ಟು ಎಲ್ಲರಿಗೂ ಗೊತ್ತು.

ಕರೆ, ವಾಟ್ಸ್ಆ್ಯಪ್, ನಕ್ಷೆ, ಹಣ

ಫೋನ್ ಸಂಖ್ಯೆ ಒತ್ತಿದೊಡನೆ ಡಯಲ್ ಆಗುವ ಕೊಂಡಿಯಾಗಿರಬೇಕು. ವಾಟ್ಸ್ಆ್ಯಪ್ ಕೊಂಡಿಯಲ್ಲಿ ಸಂಖ್ಯೆಯ ಮುಂದೆ 91 ಇರಲಿ. ಮೊದಲಲ್ಲಿ ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ, ನಡುವೆ ಖಾಲಿ ಜಾಗವಾಗಲಿ ಇರಬಾರದು. ಅದೇ ಕೊಂಡಿಯಲ್ಲಿ ಸಂದೇಶವನ್ನು ಮೊದಲೇ ತುಂಬಿಡಬಹುದು: «ನನಗೆ ___ ರೊಟ್ಟಿ ಬೇಕು. ಊರು: ___ ಪಿನ್ ಕೋಡ್: ___». ಬರೆಯಲು ಬೇಸರಪಡುವವರು ಖಾಲಿ ಜಾಗ ತುಂಬಿ ಕಳುಹಿಸುತ್ತಾರೆ, ಇಲ್ಲವೇ ದನಿ ಸಂದೇಶ ಹಾಕುತ್ತಾರೆ. ಎರಡೂ ಒಳ್ಳೆಯದೇ. ಹತ್ತಿಪ್ಪತ್ತು ಬಗೆಯ ಸಾಮಾನು ಮಾರುವವರೆಗೆ ಆನ್‌ಲೈನ್ ಕಾರ್ಟಿನ ಖರ್ಚಿಗೆ ಕೈಹಾಕಬೇಡಿ ಎಂಬುದು ನನ್ನ ಅಭಿಪ್ರಾಯ. ಫಾರಂ ಬೇಕೇಬೇಕು ಎಂದಾದರೆ ಹೆಸರು, ಫೋನು, ಪಿನ್ ಕೋಡ್ ಇಷ್ಟೇ ಕೇಳಿ. ಇಮೇಲ್ ಕೇಳಿ ಏನು ಮಾಡುತ್ತೀರಿ? ಫೋನ್ ಸಂಖ್ಯೆಯ ಜಾಗದಲ್ಲಿ ಅಂಕಿಗಳ ಕೀಲಿಮಣೆಯೇ ತೆರೆಯುವಂತೆ ಮಾಡಿಸಿ.

ನಕ್ಷೆಯನ್ನು ಪುಟದೊಳಗೆ ಹುದುಗಿಸಿದರೆ ಪುಟ ಭಾರವಾಗುತ್ತದೆ, ಮೇಲೆ ಸರಿಸುವಾಗ ಬೆರಳು ನಕ್ಷೆಯೊಳಗೆ ಸಿಕ್ಕಿಕೊಳ್ಳುತ್ತದೆ. «ದಾರಿ ನೋಡಿ» ಎಂಬ ಕೊಂಡಿ ಸಾಕು. ಒತ್ತಿದರೆ ನಕ್ಷೆಯ ಆ್ಯಪ್ ತೆರೆಯುತ್ತದೆ. ವಿಳಾಸದ ಜೊತೆ ಜನ ಬಾಯಲ್ಲಿ ಹೇಳುವ ಗುರುತನ್ನೂ ಬರೆಯಿರಿ: ಜಗತ್ ವೃತ್ತದಿಂದ ಎಷ್ಟನೆಯ ಅಂಗಡಿ, ಯಾವ ಬ್ಯಾಂಕಿನ ಎದುರು, ಮೆಟ್ಟಿಲು ಹತ್ತಬೇಕೇ.

ಹಣದ ವಿಷಯದಲ್ಲಿ ಎಲ್ಲರೂ ಕ್ಯೂಆರ್ ಚಿತ್ರವನ್ನು ತಾಣದಲ್ಲಿ ಹಾಕಿ ಸುಮ್ಮನಾಗುತ್ತಾರೆ. ಯೋಚಿಸಿ ನೋಡಿ: ಗ್ರಾಹಕರು ತಾಣವನ್ನು ನೋಡುತ್ತಿರುವುದೇ ಆ ಫೋನಿನಲ್ಲಿ. ತನ್ನದೇ ಪರದೆಯನ್ನು ತನ್ನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡುವುದು ಹೇಗೆ? ಕೌಂಟರಿನ ಮೇಲಿನ ಕ್ಯೂಆರ್ ಕೌಂಟರಿನಲ್ಲೇ ಇರಲಿ. ತಾಣದಲ್ಲಿ ಯುಪಿಐ ಐಡಿಯನ್ನು ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ «ನಕಲಿಸಿ» ಎಂಬ ಗುಂಡಿ ಇಡಿ. ಹಣ ಕಳುಹಿಸುವಾಗ ಯಾರ ಹೆಸರು ಕಾಣಿಸುತ್ತದೆ ಎಂಬುದನ್ನೂ ಬರೆಯಿರಿ. ಅಂಗಡಿಯ ಹೆಸರು ಒಂದು, ಖಾತೆಯ ಹೆಸರು ಇನ್ನೊಂದು ಇದ್ದರೆ ಜನ ಅನುಮಾನಪಟ್ಟು ಅರ್ಧಕ್ಕೇ ಬಿಡುತ್ತಾರೆ. ತಿನಿಸು ಮಾರುವವರು 14 ಅಂಕಿಯ ಎಫ್ಎಸ್ಎಸ್ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ಸಂಖ್ಯೆಯನ್ನು ಅಲ್ಲೇ ಹಾಕಿದರೆ ಪರಊರಿನವರಿಗೆ ಧೈರ್ಯ ಬರುತ್ತದೆ.

ಹುಡುಕುವವರಿಗೆ ಸಿಗುವಂತೆ

2014ರ ನವೆಂಬರ್ 1ರಂದು ಊರಿನ ಅಧಿಕೃತ ಹೆಸರು ಕಲಬುರಗಿಯಾಯಿತು. ಆದರೆ ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತವರು ಈಗಲೂ ಗುಲ್ಬರ್ಗಾ ಎಂದೇ ಟೈಪ್ ಮಾಡುತ್ತಾರೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಸಿಕ್ಕ ಭೌಗೋಳಿಕ ಸೂಚಕ ಮಾನ್ಯತೆಯೂ ಗುಲ್ಬರ್ಗಾದ ಹೆಸರಿನಲ್ಲೇ ಇದೆ. ದಾಲ್ ಮಿಲ್ಲಿನವರಾಗಲಿ ರೊಟ್ಟಿಯವರಾಗಲಿ, ಎರಡೂ ಹೆಸರುಗಳನ್ನು ಕನ್ನಡ ಮತ್ತು ಇಂಗ್ಲಿಷ್ ಲಿಪಿಗಳಲ್ಲಿ ಪುಟದ ಶೀರ್ಷಿಕೆಯಲ್ಲೋ ವಿವರಣೆಯಲ್ಲೋ ಸಹಜವಾಗಿ ಸೇರಿಸಿ. ಗೂಗಲ್ ಈಗ ಹುಡುಕಾಟಕ್ಕೆ ಲೆಕ್ಕ ಹಿಡಿಯುವುದು ತಾಣದ ಮೊಬೈಲ್ ರೂಪವನ್ನೇ. ಫೋನಿನಲ್ಲಿ ಜಾಗವಿಲ್ಲವೆಂದು ವಿವರಗಳನ್ನು ಕಿತ್ತುಹಾಕಿದರೆ ಅದರ ಕಣ್ಣಿಗೂ ಅವು ಬೀಳುವುದಿಲ್ಲ. ಜೊತೆಗೆ ಗೂಗಲ್ ಹುಡುಕಾಟದಲ್ಲೂ ನಕ್ಷೆಯಲ್ಲೂ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಸಮಯ, ರಜೆ, ಫೋನ್ ಸಂಖ್ಯೆ ತಾಣದಲ್ಲಿರುವಂತೆಯೇ ಇರಲಿ.

ಬಿಡುಗಡೆಗೆ ಮುಂಚೆ ಪರೀಕ್ಷೆ

ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ (ಪುಟದ ವೇಗ ಅಳೆಯುವ ಗೂಗಲ್‌ನ ಉಚಿತ ತಾಣ) ನಿಮ್ಮ ತಾಣದ ವಿಳಾಸ ಹಾಕಿ ಮೊಬೈಲ್ ಅಂಕ ನೋಡಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿಕೊಂಡರೆ ಗೂಗಲ್ ಅದನ್ನು ಒಳ್ಳೆಯದೆನ್ನುತ್ತದೆ. ಆದರೆ ನನಗೆ ಹೆಚ್ಚು ನಂಬಿಕೆ ಇನ್ನೊಂದು ಪರೀಕ್ಷೆಯ ಮೇಲೆ. ಮನೆಯಲ್ಲಿರುವ ಅತಿ ಹಳೆಯ ಫೋನ್ ತೆಗೆದುಕೊಳ್ಳಿ, ವೈಫೈ ಆರಿಸಿ, ಅಕ್ಷರದ ಗಾತ್ರವನ್ನು ಸೆಟ್ಟಿಂಗಿನಲ್ಲಿ ಅತಿ ದೊಡ್ಡದು ಮಾಡಿ, ಮಧ್ಯಾಹ್ನ ಅಂಗಳಕ್ಕೆ ಬನ್ನಿ. ಜಾಲತಾಣ ಮಾಡಿಸಿದ್ದು ಗೊತ್ತಿಲ್ಲದ ಅತ್ತೆಯವರ ಕೈಗೋ ಪಕ್ಕದ ಅಂಗಡಿಯ ಕಾಕಾ ಅವರ ಕೈಗೋ ಕೊಟ್ಟು, «ಒಂದು ಕಿಲೋ ಹಿಂಡಿಗೆ ಎಷ್ಟು ನೋಡಿ, ಅಂಗಡಿಗೆ ಫೋನ್ ಮಾಡಿ» ಎನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಅವರ ಬೆರಳನ್ನು ಮಾತ್ರ ನೋಡಿ. ಬೆರಳು ಎಲ್ಲಿ ತಡೆಯುತ್ತದೆಯೋ ಅಲ್ಲಿ ವಿನ್ಯಾಸ ತಪ್ಪಿದೆ. «ಅಯ್ಯೋ ಇಲ್ಲಿ ಒತ್ತಬೇಕು» ಎಂದು ನೀವು ಹೇಳಬೇಕಾಗಿ ಬಂದರೆ ಆ ಗುಂಡಿಯನ್ನು ಬದಲಿಸಿ.

ಬೆಲೆ ಮತ್ತು ಕೀಲಿಕೈ

ತೊಗರಿಯ ಧಾರಣೆ ಏರಿಳಿದಂತೆ ಬೇಳೆಯ ಬೆಲೆಯೂ ಬದಲಾಗುತ್ತದೆ. ಬೆಲೆಯ ಪಕ್ಕ «ಇಂಥ ದಿನಾಂಕದ ದರ» ಎಂದು ಬರೆಯಿರಿ, ಮತ್ತು ಅದನ್ನು ನಿಮ್ಮ ಫೋನಿನಿಂದಲೇ ತಿದ್ದಲು ಬರುವಂತೆ ವಿನ್ಯಾಸಕಾರರಿಂದ ಮಾಡಿಸಿಕೊಳ್ಳಿ. ಒಂದು ಅಂಕಿ ಬದಲಿಸಲು ಪ್ರತಿ ಸಲ ಅವರಿಗೆ ಫೋನ್ ಮಾಡಬೇಕಾದರೆ ತಿಂಗಳೊಳಗೆ ತಾಣ ಪಾಳು ಬೀಳುತ್ತದೆ.

ಗೂಗಲ್ ಬಿಸಿನೆಸ್ ಪ್ರೊಫೈಲಿನ ಜೊತೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ತಾಣಗಳನ್ನು ಆ ಕಂಪನಿ 2024ರ ಮಾರ್ಚಿನಲ್ಲಿ ಮುಚ್ಚಿತು. ಚೀಟಿ, ಫಲಕಗಳ ಮೇಲೆಲ್ಲ ಆ ವಿಳಾಸ ಅಚ್ಚು ಹಾಕಿಸಿದ್ದ ಅಂಗಡಿಗಳವರು ಮತ್ತೆ ಅಚ್ಚು ಹಾಕಿಸಬೇಕಾಯಿತು. ಆದ್ದರಿಂದ ಸ್ವಂತ ಡೊಮೇನ್, ಅಂದರೆ ತಾಣದ ವಿಳಾಸದ ಹೆಸರು, ಕೊಳ್ಳಿ. ಅದನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಮತ್ತು ಫೋನ್ ಸಂಖ್ಯೆಯಲ್ಲೇ ನೋಂದಾಯಿಸಿ. ಮಾಡಿಕೊಟ್ಟವರಿಗೆ ಕೊನೆಯ ಕಂತು ಕೊಡುವ ಮುನ್ನ ಇವಿಷ್ಟನ್ನು ಬರಹದಲ್ಲಿ ಪಡೆಯಿರಿ: ಡೊಮೇನ್ ಖಾತೆಯ ಪಾಸ್‌ವರ್ಡ್, ಹೋಸ್ಟಿಂಗ್ (ತಾಣದ ಕಡತಗಳನ್ನು ಇಡುವ ಜಾಗದ) ಖಾತೆಯ ಪಾಸ್‌ವರ್ಡ್, ತಾಣದ ಒಳಗೆ ಹೋಗುವ ಪಾಸ್‌ವರ್ಡ್, ಮೂಲ ಚಿತ್ರಗಳು, ನವೀಕರಣದ ದಿನಾಂಕ. ಆ ದಿನಾಂಕಕ್ಕೆ ಒಂದು ತಿಂಗಳು ಮುಂಚಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.